ಕಂಕುಳ ಗಂಟು, ಬಾರದ ರಿಪೋರ್ಟು

ಕಾಯಿಲೆಯಿಂದ ಎದ್ದು ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ಎಲ್ಲರೂ ಕೊನೆಗೆ ಕಾಯಿಲೆಗೇ ಕೈಮುಗಿಯುತ್ತಾರೆ. ಅದು ಬಂದದ್ದರಿಂದಲೇ ಬದುಕಿನ ಬೆಲೆ ತಿಳಿಯಿತು, ಮನುಷ್ಯರ ಪ್ರೀತಿ ತಿಳಿಯಿತು ಅನ್ನುತ್ತಾರೆ. ನನಗೆ ಬದುಕಿನ ಬೆಲೆ ಮೊದಲೇ ಗೊತ್ತಿತ್ತು. ಕಾಯಿಲೆ ಬಂದ ಮೇಲೆ ಗೊತ್ತಾದದ್ದು ಯಾರ ಮೇಲೆ ಎಷ್ಟು ಸಿಟ್ಟು ಇಟ್ಟುಕೊಳ್ಳಬೇಕು ಎನ್ನುವುದು. ಜ್ವರ ಇಳಿದಿದೆ, ಸಿಟ್ಟು ಇಳಿದಿಲ್ಲ. ನನ್ನ ಹಾಗೆ ತಿಂಗಳುಗಟ್ಟಲೆ ಜ್ವರ ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಇದನ್ನು ಓದುತ್ತಿದ್ದರೆ ಒಂದು ಮಾತು: ನಿಮಗೂ ಸಿಟ್ಟು ಬರುತ್ತಿದ್ದರೆ ಬರಲಿ ಬಿಡಿ, ಅದೇನು ಪಾಪವಲ್ಲ.

ಕೊಪ್ಪದ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಪಹಣಿಯ ಅರ್ಜಿ, ಅಫಿಡವಿಟ್ಟು, ವಕೀಲರ ನೋಟಿಸು, ಪಕ್ಕದ ಮನೆಯವನ ಮೇಲಿನ ದೂರು, ಎಲ್ಲವನ್ನೂ ಬೇರೆಯವರ ಹೆಸರಿನಲ್ಲಿ ಟೈಪು ಮಾಡಿ ಕೊಡುವವಳು ನಾನು. ಗಂಡ ಅಡಿಗೆಯವರು. ಮದುವೆ, ಉಪನಯನದ ದಿನಗಳಲ್ಲಿ ಅವರು ಮನೆಗೆ ಬರುವುದು ಬಟ್ಟೆ ಬದಲಿಸಲಿಕ್ಕೆ ಮಾತ್ರ. ಅಣ್ಣ ಶೃಂಗೇರಿ ಹತ್ತಿರದ ಮೆಣಸೆಯಲ್ಲಿದ್ದಾನೆ. ಅವನು ಪುರೋಹಿತ, ಅದರಲ್ಲೂ ಅಪರಕರ್ಮ ಮಾಡಿಸುವವನು. ಸತ್ತವರ ಹತ್ತನೇ ದಿನ, ಹನ್ನೆರಡನೇ ದಿನ, ವರ್ಷದ ತಿಥಿ, ತುಂಗೆಯಲ್ಲಿ ಅಸ್ಥಿ ಬಿಡುವುದು, ಇವೇ ಅವನ ಕೆಲಸ. ಈ ಕಥೆಗೆ ನಾವು ಮೂವರೇ ಮುಖ್ಯ. ಬಾಕಿಯವರೆಲ್ಲ ಬಂದು ಹೋಗುವವರು.

ಗಂಟು ಸಿಕ್ಕಿದ್ದು ಕೆಲಸ ಮಾಡುವಾಗ. ಆಗಿನ್ನೂ ಅಂಗಡಿಗೆ ಕಂಪ್ಯೂಟರ್ ಬಂದಿರಲಿಲ್ಲ. ಟೈಪ್‌ರೈಟರಿನಲ್ಲಿ ಒಂದೊಂದು ಸಾಲು ಮುಗಿದಾಗಲೂ ಎಡಗೈಯಿಂದ ಕ್ಯಾರೇಜನ್ನು ತಳ್ಳಬೇಕು. ಹಾಗೆ ತಳ್ಳುವಾಗಲೆಲ್ಲ ಎಡ ಕಂಕುಳಲ್ಲಿ ಏನೋ ಅಡ್ಡ ಬರತೊಡಗಿತು. ಮುಟ್ಟಿ ನೋಡಿದರೆ ನೆಲ್ಲಿಕಾಯಿ ಗಾತ್ರದ ಗಂಟು. ಅದರ ಹಿಂದೆಯೇ ಜ್ವರ ಬಂತು. ಬೆಳಿಗ್ಗೆ ಇರುತ್ತಿರಲಿಲ್ಲ, ಸಂಜೆ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ತಪ್ಪದೆ ಹಾಜರು.

ಬೇಸಿಗೆಯಲ್ಲಿ ನಮ್ಮ ಕಡೆ ಯಾರಿಗೆ ಜ್ವರ ಬಂದರೂ ಮೊದಲು ಕೇಳುವುದು ಮಂಗನ ಕಾಯಿಲೆಯನ್ನು. ಆರೋಗ್ಯ ಇಲಾಖೆಯವನೊಬ್ಬ ಅಂಗಡಿಗೇ ಬಂದು, ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ, ಸತ್ತ ಮಂಗ ಕಂಡಿದ್ದಿರಾ ಎಂದು ವಿಚಾರಿಸಿದ. ತಾಲ್ಲೂಕು ಕಚೇರಿ ಎದುರು ಬದುಕಿರುವವೇ ಕಾಣಿಸುತ್ತವೆ ಎಂದೆ. ಅವನು ನಗಲಿಲ್ಲ. ರಕ್ತ ತೆಗೆದುಕೊಂಡು ಹೋದ. ಮಂಗನ ಕಾಯಿಲೆ ಅಲ್ಲ ಎಂದು ಎರಡು ವಾರದ ಮೇಲೆ ತಿಳಿಯಿತು.

ಆಮೇಲೆ ಊರಿನ ಸರ್ಜನ್ನರ ಹತ್ತಿರ ಹೋದೆ. ಅವರ ಆಸ್ಪತ್ರೆಯ ಹಜಾರದಲ್ಲಿ ಎರಡು ಉದ್ದ ಬೆಂಚು, ಗೋಡೆಗೆ ಹಾಲು ಕುಡಿಯುವ ಮಗುವಿನ ಕ್ಯಾಲೆಂಡರು. ಅಲ್ಲಿ ಕೂತರೆ ಪಕ್ಕದವರಿಗೆ ನಮ್ಮ ಕಾಯಿಲೆ ಹೇಳಲೇಬೇಕು, ಅದೊಂದು ಕಾನೂನು. ನಾನು ಹೇಳಿದೆ. ಬಾಳೆಹೊನ್ನೂರಿನ ಕಡೆಯ ಹೆಂಗಸೊಬ್ಬರು ತಮ್ಮ ನಾದಿನಿಗೂ ಹೀಗೇ ಕಂಕುಳಲ್ಲಿ ಗಂಟಾಗಿತ್ತು ಎಂದರು. ಈಗ ಹೇಗಿದ್ದಾರೆ ಎಂದು ಕೇಳಿದೆ. ಹೋದರು ಎಂದರು. ಎಲ್ಲಿಗೆ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಇಂಥವರು ಪ್ರತಿ ಆಸ್ಪತ್ರೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಪಕ್ಕ ಕೂರಬೇಡಿ.

ಗಂಟು ರಕ್ತನಾಳದ ಮಗ್ಗುಲಲ್ಲೇ ಇದೆ, ಪೂರ್ತಿ ತೆಗೆಯುವುದು ಇಲ್ಲಿ ಆಗದು ಎಂದರು ಸರ್ಜನ್. ಒಂದು ಚೂರು ಮಾತ್ರ ತೆಗೆದು ಶಿವಮೊಗ್ಗದ ಲ್ಯಾಬಿಗೆ ಕಳಿಸುವುದು, ಅಲ್ಲಿಂದ ಏನು ಬರುತ್ತದೋ ನೋಡಿ ಮುಂದಿನ ಔಷಧಿ. ಕಳಿಸುವುದು ಎಂದರೆ ಆಗ ನಮ್ಮಲ್ಲಿ ಆಸ್ಪತ್ರೆಯವರು ಕಳಿಸುತ್ತಿರಲಿಲ್ಲ. ಘಾಟು ವಾಸನೆಯ ನೀರಿನಲ್ಲಿ ಚೂರನ್ನು ಮುಳುಗಿಸಿ, ಶೀಶೆಗೆ ಹೆಸರು ಅಂಟಿಸಿ, ಒಂದು ಚೀಟಿಯ ಜೊತೆ ಮನೆಯವರ ಕೈಗೇ ಕೊಡುತ್ತಿದ್ದರು. ಮನೆಯವರು ಅದನ್ನು ಬಸ್ಸಿನಲ್ಲಿ ಒಯ್ದು ಲ್ಯಾಬಿಗೆ ಮುಟ್ಟಿಸಬೇಕು. ನನ್ನ ಗಂಡ ಅವತ್ತು ತೀರ್ಥಹಳ್ಳಿಯಲ್ಲಿ ಯಾರದೋ ಮದುವೆಯ ಸಾರು ಕುದಿಸುತ್ತಿದ್ದರು. ಅಣ್ಣ ಬಂದಿದ್ದ.

ಅವನ ಮುಖ ಬೆಳಿಗ್ಗೆಯಿಂದಲೇ ಸರಿ ಇರಲಿಲ್ಲ. ನಮ್ಮ ಅಮ್ಮ ಹೋದದ್ದೂ ಗಂಟಿನಿಂದಲೇ, ಎದೆಯ ಗಂಟು. ಅದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೊಲಿಗೆಯ ನೋವಿನಲ್ಲಿ ಮಲಗಿದ್ದ ನಾನು, ಜೋಪಾನ, ಶೀಶೆ ಒಡೆದೀತು ಎಂದೆ.

"ಊರೋರ ಮನೆ ಅಸ್ಥಿಯೆಲ್ಲ ಹೊತ್ತಿದ್ದೇನೆ. ಇದೆಂತ ಭಾರ ಮಾರಾಯ್ತಿ" ಎಂದು ಅಣ್ಣ ಶೀಶೆಯನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡ.

ಹತ್ತು ದಿನದ ಮೇಲೆ ಫೋನ್ ಮಾಡಿದೆ. ಎಂತದೂ ಇಲ್ಲ ಅಂದ್ರು ಎಂದ. ರಿಪೋರ್ಟು ಎಲ್ಲಿ ಎಂದೆ. ಆಮೇಲೆ ಕೊಡ್ತಾರಂತೆ ಎಂದ. ಶೀಶೆ ಕೊಟ್ಟದ್ದಕ್ಕೆ ರಶೀದಿ ಕೊಡಲಿಲ್ಲವಾ ಎಂದು ಕೇಳಿದೆ. ಅಲ್ಲಿ ಹಾಗೆಲ್ಲ ಕ್ರಮ ಇಲ್ಲ ಎಂದ. ಇಪ್ಪತ್ತು ವರ್ಷದಿಂದ ಕಚೇರಿಯ ಎದುರು ಕೂತು, ಸ್ವೀಕೃತಿ ಇಲ್ಲದೆ ಒಂದು ಅರ್ಧ ಹಾಳೆಯನ್ನೂ ಒಳಗೆ ಕೊಡಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ಅಣ್ಣ ಹೇಳಿದನಲ್ಲ ಎಂದು ಸುಮ್ಮನಾದೆ. ಈ ಬರಹದಲ್ಲಿ ಬೇರೆಯವರನ್ನು ಬಯ್ಯುವ ಮೊದಲು ನನ್ನನ್ನು ನಾನು ಬಯ್ದುಕೊಳ್ಳಬೇಕಾದ ಜಾಗ ಇದೊಂದೇ. ಬಯ್ದುಕೊಂಡಿದ್ದೇನೆ.

ಸರ್ಜನ್ ಎರಡು ಸಲ ಕಾಗದ ಕೇಳಿದರು. ಅಣ್ಣ ತರುತ್ತಾನೆ ಎಂದೆ. ಕೊನೆಗೆ ಅವರು, ಜ್ವರ, ಗಂಟು, ತೂಕ ಇಳಿದದ್ದು, ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ಏರಿದ್ದು ಎಲ್ಲ ನೋಡಿ, ನಮ್ಮ ಕಡೆ ಇದು ಹೆಚ್ಚಾಗಿ ಕ್ಷಯವೇ ಎಂದು ಮಾತ್ರೆ ಶುರು ಮಾಡಿದರು. ಮಾತ್ರೆ ನುಂಗಿದರೆ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಔಷಧಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ನನಗಿದ್ದ ಸಾಕ್ಷಿ ಅದೊಂದೇ.

ನರಸಿಂಹರಾಜಪುರದಲ್ಲಿ ನಮ್ಮತ್ತೆಗೆ ಸುದ್ದಿ ಮುಟ್ಟಿತು. ಹಬ್ಬಕ್ಕೆ ಹೋದಾಗ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ಗುರುತಿಗೆ ಲೋಟದ ತಳಕ್ಕೆ ಕೆಂಪು ಬಣ್ಣ. ಗಂಟಿನ ಕ್ಷಯ ಅಂಟುವುದಿಲ್ಲ, ಡಾಕ್ಟರೇ ಹೇಳಿದ್ದಾರೆ ಎಂದೆ. "ನಾವೆಂತ ನಿಂಗೆ ಬೇಜಾರಾಗ್ಲಿ ಅಂತ ಮಾಡಿದ್ದಲ್ಲ" ಎಂದರು. ಬೇಜಾರು ಮಾತ್ರ ಆಯಿತು. ಊಟ ಮುಗಿಸಿ ಆ ಲೋಟವನ್ನು ನಾನೇ ತೊಳೆದು, ಅವರ ಲೋಟಗಳ ಸಾಲಿನಲ್ಲೇ, ತಳದ ಬಣ್ಣ ಕಾಣದ ಹಾಗೆ ನೆಟ್ಟಗೆ ಇಟ್ಟು ಬಂದೆ. ಆಮೇಲೆ ಯಾರು ಯಾವುದರಲ್ಲಿ ಕಾಫಿ ಕುಡಿದರೋ ಗೊತ್ತಿಲ್ಲ. ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ನನಗೆ ಖುಷಿ ಕೊಟ್ಟದ್ದು ಅದೊಂದು.

ಆರು ತಿಂಗಳ ಮಾತ್ರೆ ಮುಗಿಯಿತು. ಗಂಟು ನೆಲ್ಲಿಕಾಯಿಯಿಂದ ನಿಂಬೆಹಣ್ಣಾಗಿ, ಅದನ್ನೂ ದಾಟಿತು. ಬೆವರಿಗೆ ದಿನಕ್ಕೆ ಮೂರು ಸಲ ರವಿಕೆ ಬದಲಿಸುತ್ತಿದ್ದೆ. ಅವೇ ರವಿಕೆಗಳನ್ನು ಎರಡು ಸಲ ಒಳಕ್ಕೆ ಹಿಡಿಸಿ ಹೊಲಿಸಿದೆ. ರಕ್ತ ಇಳಿಯುತ್ತ ಹೋಯಿತು. ಕಬ್ಬಿಣದ ಮಾತ್ರೆ, ಟಾನಿಕ್ಕು, ಬೀಟ್‌ರೂಟು, ಖರ್ಜೂರ, ಒಬ್ಬೊಬ್ಬರು ಒಂದೊಂದು ಹೇಳಿದರು, ಎಲ್ಲವನ್ನೂ ತಿಂದೆ. ಒಂದು ಹನಿಯಷ್ಟೂ ರಕ್ತ ಏರಲಿಲ್ಲ. ಸರಿಯಾಗಿ ತಿನ್ನುವುದಿಲ್ಲ ಎಂದು ಬಯ್ದವರೂ ಇದ್ದಾರೆ. ಅಂಗಡಿಯ ಮೂರು ಮೆಟ್ಟಿಲು ಹತ್ತಿ ಕುರ್ಚಿಯ ಮೇಲೆ ಕೂತರೆ, ಮೊದಲ ಅಕ್ಷರ ಒತ್ತಲು ಹತ್ತು ನಿಮಿಷ ಬೇಕಾಗುತ್ತಿತ್ತು.

ಒಂದು ದಿನ ಗಂಡ ಮದುವೆಯೊಂದರ ಅಡಿಗೆಯನ್ನು ಬೇರೆಯವರಿಗೆ ಒಪ್ಪಿಸಿ ಬಂದು, ನಡಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದರು. ಅವರು ಒಪ್ಪಿಕೊಂಡ ಅಡಿಗೆ ಬಿಟ್ಟದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕೆರೆಕಟ್ಟೆ ದಾಟಿದ ಮೇಲೆ ಘಟ್ಟದ ತಿರುವುಗಳಲ್ಲಿ ವಾಂತಿ ತಡೆಯಲಾಗಲಿಲ್ಲ. ಕಂಡಕ್ಟರು ಸೀಟಿ ಹೊಡೆದು ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ತನ್ನ ಬಾಟಲಿಯ ನೀರು ಕೊಟ್ಟು, ನಾನು ಬಾಯಿ ತೊಳೆಯುವ ತನಕ ಬೇರೆ ಕಡೆ ಮುಖ ಮಾಡಿ ನಿಂತಿದ್ದ. ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಇವತ್ತಿಗೂ ಆ ದಾರಿಯ ಬಸ್ಸು ಹತ್ತಿದರೆ ಅವನಿದ್ದಾನಾ ಎಂದು ನೋಡುತ್ತೇನೆ.

ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಮಾತು ಕಡಿಮೆಯವರು. ಫೈಲಿನ ಒಂದೊಂದು ಹಾಳೆಯನ್ನೂ ತಿರುವಿ, ಮೊದಲು ತೆಗೆದ ಚೂರಿನ ರಿಪೋರ್ಟು ಎಲ್ಲಿ ಎಂದು ಕೇಳಿದರು. ಏನೂ ಇಲ್ಲ ಅಂದಿದ್ದಾರೆ ಎಂದೆ. ಯಾರು ಅಂದದ್ದು ಎಂದರು. ಅಣ್ಣ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಗಂಡ ಮಾರನೇ ದಿನ ಶಿವಮೊಗ್ಗಕ್ಕೆ ಹೋದರು. ಲ್ಯಾಬಿನವರು ಪಾಪ, ರಿಜಿಸ್ಟರು ತೆಗೆದು ಮೂರು ತಿಂಗಳ ಹೆಸರುಗಳನ್ನು ಬೆರಳಿಟ್ಟು ಓದಿದರಂತೆ. ಸುಮತಿ ಎನ್ನುವವರು ಇಬ್ಬರಿದ್ದರು, ಇಬ್ಬರೂ ನಾನಲ್ಲ. ನನ್ನ ಶೀಶೆ ಅಲ್ಲಿಗೆ ಬಂದೇ ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದೆ. ಅವನ ಮಾತಿಗೆ ಕಾಯದೆ ಫೋನ್ ಇಟ್ಟೆ.

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಮತ್ತೆ ಚೂರು ತೆಗೆದರು. ಈ ಸಲ ಶೀಶೆಯನ್ನು ಯಾರ ಕೈಗೂ ಕೊಡಲಿಲ್ಲ. ವಾರದ ಮೇಲೆ ಡಾಕ್ಟರಮ್ಮ ಕರೆದು ಹೆಸರು ಹೇಳಿದರು: ಕ್ಯಾಸಲ್‌ಮನ್ ಕಾಯಿಲೆ. ಕೇಳಿದರೆ ಯಾವುದೋ ಸಾಬೂನಿನ ಹೆಸರಿನ ಹಾಗಿತ್ತು. ಕ್ಯಾನ್ಸರಾ ಎಂದು ಕೇಳಿದೆ. ಅಲ್ಲ, ಆದರೆ ಹಾಗೇ ಬಿಟ್ಟರೆ ಕೆಲವರಲ್ಲಿ ಆ ಕಡೆ ಹೊರಳುವುದೂ ಉಂಟು ಎಂದರು. ನಿಮ್ಮದು ಒಂದೇ ಜಾಗದಲ್ಲಿದೆ, ಪೂರ್ತಿ ತೆಗೆದರೆ ಗುಣವಾಗುವಂಥದ್ದು ಎಂದೂ ಹೇಳಿದರು.

ನಾನು ಅರ್ಥ ಮಾಡಿಕೊಂಡದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ರಕ್ತದಲ್ಲಿ ಬಿ ಕಣಗಳು ಅಂತ ಇವೆ, ರೋಗಾಣುವಿನ ವಿರುದ್ಧ ಮದ್ದು ತಯಾರಿಸುವವು. ಅವು ತಾವಾಗಿ ಏನೂ ಮಾಡುವುದಿಲ್ಲ. ಬೇರೆ ಕಣಗಳು ಒಂದು ಪ್ರೋಟೀನಿನ ಮೂಲಕ ಸುದ್ದಿ ಕಳಿಸಿದರೆ ಮಾತ್ರ ಬೆಳೆದು ದುಪ್ಪಟ್ಟಾಗುತ್ತವೆ. ರೋಗಾಣು ಸತ್ತ ಮೇಲೆ ಆ ಸುದ್ದಿ ನಿಲ್ಲಬೇಕು. ನನ್ನ ಗಂಟಿನೊಳಗೆ ನಿಲ್ಲಲೇ ಇಲ್ಲ. ಆ ಪ್ರೋಟೀನಿನ ಹೆಸರು ಇಂಟರ್‌ಲ್ಯೂಕಿನ್ ಆರು. ಎದುರಿನ ಕಚೇರಿಗೆ ಯಾರೋ ಡಿ.ಸಿ. ಹೆಸರಿನಲ್ಲಿ ದಿನವೂ 'ತುರ್ತು' ಎಂಬ ಚೀಟಿ ಕಳಿಸುತ್ತಲೇ ಇದ್ದರೆ ಏನಾದೀತು? ನೆರೆ ಇಲ್ಲ, ಬೆಂಕಿ ಇಲ್ಲ, ಆದರೂ ಗುಮಾಸ್ತರೆಲ್ಲ ಓಡಾಡುತ್ತಾರೆ, ಹೊಸಬರನ್ನು ಸೇರಿಸಿಕೊಳ್ಳುತ್ತಾರೆ, ಉಗ್ರಾಣಕ್ಕೆ ಬೀಗ ಜಡಿಯುತ್ತಾರೆ. ನನ್ನ ಮೈಯಲ್ಲಿ ಆದದ್ದು ಅದೇ. ಬಿ ಕಣಗಳು ಬೆಳೆದು ಗಂಟಾದವು. ಅದೇ ಪ್ರೋಟೀನು ಮಿದುಳಿಗೆ ಜ್ವರ ಏರಿಸು ಎಂದಿತು, ಪಿತ್ತಜನಕಾಂಗಕ್ಕೆ ಕಬ್ಬಿಣವನ್ನು ಹೊರಗೆ ಬಿಡಬೇಡ ಎಂದಿತು. ಮೈಯಲ್ಲಿ ಕಬ್ಬಿಣ ಇದ್ದರೂ ರಕ್ತಕ್ಕೆ ಸಿಗುತ್ತಿರಲಿಲ್ಲ. ನಾನು ತಿಂದ ಬೀಟ್‌ರೂಟೆಲ್ಲ ದಂಡ. ಸರಿಯಾಗಿ ತಿನ್ನುವುದಿಲ್ಲ ಎಂದವರಿಗೆ ಇದನ್ನು ಟೈಪು ಮಾಡಿ ಹಂಚಬೇಕು ಅನ್ನಿಸಿತ್ತು.

ಮೊದಲನೇ ಚೂರು ಲ್ಯಾಬಿಗೆ ಮುಟ್ಟಿದ್ದರೆ ಎಂದು ಕೇಳಿದೆ. "ಆಗಲೇ ಗೊತ್ತಾಗ್ತಿತ್ತು. ಆಗ ಗಂಟು ಚಿಕ್ಕದಿತ್ತು, ಕೈಯ ನರಕ್ಕೆ ಸುತ್ತಿರಲಿಲ್ಲ" ಎಂದರು ಡಾಕ್ಟರಮ್ಮ. ಈಗ ಸುತ್ತಿತ್ತು. ಆಪರೇಷನ್ನಿನಲ್ಲಿ ಎಡಗೈಯ ಶಕ್ತಿ ಹೋಗಬಹುದು ಎಂದು ಕಾಗದದ ಮೇಲೆ ನನ್ನಿಂದ ಸಹಿ ಹಾಕಿಸಿಕೊಂಡರು. ಜೀವ ಒಂದು ಕಡೆ, ಕೈ ಒಂದು ಕಡೆ. ಟೈಪಿಸ್ಟಿಗೆ ಅವೆರಡೂ ಬೇರೆಬೇರೆ ಎಂದು ಆ ಕಾಗದ ಬರೆದವರಿಗೆ ಯಾರು ಹೇಳಿದರೋ.

ಮೂರು ಬಾಟಲಿ ರಕ್ತ ಏರಿಸಿ ಗಂಟನ್ನು ತೆಗೆದರು. ಎರಡನೇ ದಿನದ ಸಂಜೆ ಜ್ವರದ ಹೊತ್ತಿಗೆ ಸೆರಗು ಹೊದ್ದು ಕಾದೆ. ಬರಲಿಲ್ಲ. ಮೂರನೇ ದಿನವೂ ಬರಲಿಲ್ಲ. ನಾಲ್ಕನೇ ದಿನ ಹಸಿವಾಯಿತು. ಪಕ್ಕದ ಮಂಚದ ಮುದುಕಿಯ ಸೊಸೆ ಕುಚ್ಚಲಕ್ಕಿ ಗಂಜಿ ತಂದಿದ್ದಳು, ಜೊತೆಗೆ ಮಾವಿನ ಮಿಡಿ. ಕೇಳುವ ಮೊದಲೇ ನನಗೂ ಬಡಿಸಿದಳು. ನಾನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಗಂಡ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದವರು ಹೊರಗೆ ಹೋಗಿ ಮುಖ ತೊಳೆದು ಬಂದರು. ಚೀಟಿ ಕಳಿಸುವವನನ್ನೇ ಎತ್ತಿ ಹೊರಗೆ ಹಾಕಿದ್ದರಿಂದ ಮೈಯ ಕಚೇರಿ ತಣ್ಣಗಾಯಿತು. ತಿಂಗಳಲ್ಲಿ ರಕ್ತ ತಾನಾಗಿ ಏರಿತು. ಎಡಗೈಯ ಕಿರುಬೆರಳು, ಅದರ ಪಕ್ಕದ್ದು, ಎರಡೂ ಮರಗಟ್ಟಿದ ಹಾಗೇ ಉಳಿದವು. ಇವತ್ತಿಗೂ ಹಾಗೇ ಇವೆ.

ಬಸ್ಸಿನಲ್ಲಿ ಒಬ್ಬಳೇ ಹೋಗುವಷ್ಟು ಶಕ್ತಿ ಬಂದ ದಿನ ಶೃಂಗೇರಿಗೆ ಹೋದೆ. ಅಣ್ಣ ಹೊಳೆಯ ದಡದಲ್ಲಿ, ಅಪರಕ್ರಿಯೆ ಮಾಡಿಸುವ ಕಲ್ಲಿನ ಹತ್ತಿರ, ಕ್ರಿಯೆ ಮುಗಿಸಿದವರನ್ನು ಕಳಿಸಿ ಉಳಿದ ದರ್ಭೆ ಕಟ್ಟುತ್ತಿದ್ದ. ನನ್ನನ್ನು ನೋಡಿ ಏಳಲಿಲ್ಲ.

"ಅಣ್ಣ, ಶೀಶೆ ಎಲ್ಲಿ?" ಎಂದು ಕೇಳಿದೆ.

"ಇಲ್ಲೇ ಬಿಟ್ಟೆ" ಎಂದು ನೀರನ್ನು ತೋರಿಸಿದ.

ಮತ್ತೆ ನಿಧಾನಕ್ಕೆ ಹೇಳಿದ. ಅವತ್ತು ಕೊಪ್ಪದ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ನಿಂತೇ ಇತ್ತಂತೆ. ಹತ್ತಲಿಕ್ಕೆ ಕಾಲು ಬರಲಿಲ್ಲವಂತೆ. ಅಮ್ಮನ ಗಂಟಿನ ಕಾಗದ ಬಂದಾಗ ಅದನ್ನು ಅವಳಿಗೆ ಓದಿ ಹೇಳಿದ್ದು ಅವನೇ. ಅಂದಿನಿಂದ ಅಮ್ಮ ತಟ್ಟೆಯ ಮುಂದೆ ಕೂತದ್ದನ್ನು ನಾವಿಬ್ಬರೂ ಕಾಣಲಿಲ್ಲ. ಎರಡೂವರೆ ತಿಂಗಳಲ್ಲಿ ಹೋದಳು. ಗಂಟು ಕೊಂದದ್ದಲ್ಲ, ಕಾಗದ ಕೊಂದದ್ದು ಎಂದು ಅವನ ಲೆಕ್ಕ. ಶಿವಮೊಗ್ಗದ ಬಸ್ಸು ಬಿಟ್ಟು ಶೃಂಗೇರಿಯ ಬಸ್ಸು ಹತ್ತಿದ. "ಇನ್ನೊಂದ್ಸಲ ಓದಿ ಹೇಳೂಕೆ ನನ್ನಿಂದ ಆಗ್ತಿರ್ಲಿಲ್ಲ ಸುಮತಿ. ಮೈಯಿಂದ ಬೇರೆಯಾದದ್ದು ನೀರಿಗೆ ಸೇರ್ಬೇಕು. ನಂಗೆ ಗೊತ್ತಿದ್ದದ್ದು ಅದೊಂದೇ."

ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ಸುಮ್ಮನೆ ಎಸೆದೆಯಾ, ಕ್ರಮವಾಗಿ ಬಿಟ್ಟೆಯಾ ಎಂದು ಕೇಳಿದೆ. ಕ್ರಮವಾಗೇ ಎಂದ.

"ಹೆಸರು ಹೇಳಿದ್ಯಾ?"

ದರ್ಭೆಯ ಗಂಟು ಬಿಗಿದ. "ಹೆಸರು, ಗೋತ್ರ ಎರಡೂ ಹೇಳಿದೆ."

"ಯಾವ ಗೋತ್ರ?"

"ನಮ್ಮನೇದು."

ಮದುವೆಯಾದ ಹೆಣ್ಣಿಗೆ ಹೇಳಬೇಕಾದದ್ದು ಗಂಡನ ಗೋತ್ರ. ಮೂವತ್ತು ವರ್ಷ ಯಾರ ಮನೆಯ ಗೋತ್ರವನ್ನೂ ತಪ್ಪದವನು ನನ್ನದನ್ನು ತಪ್ಪಿದ್ದ. ಕೊಪ್ಪದಲ್ಲಿ ನಾನು ಜ್ವರದಲ್ಲಿ ಬೇಯುತ್ತ, ಅಣ್ಣ ರಿಪೋರ್ಟು ತರುತ್ತಾನೆ ಎಂದು ಕಾಯುತ್ತಿದ್ದಾಗ, ಅವನು ಇದೇ ಕಲ್ಲಿನ ಮೇಲೆ ಕೂತು ನನ್ನನ್ನು ತವರಿನ ಮಗಳನ್ನಾಗಿ ಮಾಡಿ ನೀರಿಗೆ ಬಿಟ್ಟಿದ್ದ. ಅಳುವೂ ಬಂತು, ಕೈಯಲ್ಲಿದ್ದ ಚೀಲದಿಂದ ಅವನ ತಲೆಗೆ ಹೊಡೆಯಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಹಾಗಾದ್ರೆ ನಂದು ಮುಗಿದಿದೆ. ನಾನು ಸತ್ತಾಗ ನೀನು ಬರೂದು ಬೇಡ" ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ.

ಆಮೇಲೆ ಅವನ ಹತ್ತಿರ ಮಾತಾಡಿಲ್ಲ. ಆದರೆ ಸುಮ್ಮನಿರುವುದು ನನ್ನ ಜಾಯಮಾನ ಅಲ್ಲ. ಆರು ತಿಂಗಳಿಗೊಮ್ಮೆ ಘಟ್ಟದ ಕೆಳಗೆ ಹೋಗಿ ರಕ್ತ ಕೊಡುತ್ತೇನೆ. ರಿಪೋರ್ಟು ಬಂದ ದಿನವೇ ಜೆರಾಕ್ಸ್ ಮಾಡಿಸಿ ಅಣ್ಣನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತೇನೆ. ವಕೀಲರ ನೋಟಿಸಿನ ಹಾಗೆ, ತಲುಪಿದ್ದಕ್ಕೆ ಸಹಿ ಹಾಕಿ ವಾಪಸು ಕಳಿಸುವ ಕಾರ್ಡು ಅಂಟಿಸಿ. ಕಾಗದ ಕಂಡರೆ ಅವನಿಗೆ ಹೆದರಿಕೆ ಎಂದು ನನಗೆ ಗೊತ್ತು. ಅದಕ್ಕೇ ಕಳಿಸುತ್ತೇನೆ. ಯಾಕೆ ಅವರನ್ನು ಗೋಳು ಹೊಯ್ದುಕೊಳ್ಳುತ್ತೀ ಎಂದು ಗಂಡ ಕೇಳಿದರು. ನನ್ನ ರಿಪೋರ್ಟು ಅವನಿಗೆ ಬಾಕಿ ಇದೆ ಎಂದೆ.

ಮೊದಲನೆಯದು 'ಸ್ವೀಕರಿಸಲು ನಿರಾಕರಿಸಿದ್ದಾರೆ' ಎಂಬ ಷರಾದೊಂದಿಗೆ ಹಿಂದಿರುಗಿತು. ಅದನ್ನೇ ಬೇರೆ ಲಕೋಟೆಗೆ ಹಾಕಿ ಮರುವಾರ ಕಳಿಸಿದೆ. ಅದಕ್ಕೆ ಸಹಿ ಬಿತ್ತು. ನಂತರದ ನಾಲ್ಕಕ್ಕೂ ಸಹಿ ಬಿತ್ತು, ಬರೀ ಸಹಿ. ಲಕೋಟೆ ಒಡೆಯದೆ ದೇವರ ಗೂಡಿನ ಹಿಂದೆ ಇಡುತ್ತಾರೆ ಎಂದು ಅತ್ತಿಗೆ ಯಾರ ಹತ್ತಿರವೋ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಇಡಲಿ, ಅಲ್ಲೇ ರಾಶಿಯಾಗಲಿ ಎಂದುಕೊಂಡಿದ್ದೆ.

ಹೋದ ತಿಂಗಳು ಬಂದ ಕಾರ್ಡಿನಲ್ಲಿ ಸಹಿಯ ಕೆಳಗೆ, ಏನೂ ಬರೆಯಬಾರದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: 'ಎಲ್ಲಾ ಒಡೆದು ಓದಿದೆ.'

ಅಂಚೆಯವನು ಎದುರಿಗಿದ್ದದ್ದರಿಂದ ಮುಖ ಗಂಟು ಹಾಕಿಕೊಂಡೇ ಕಾರ್ಡು ತೆಗೆದುಕೊಂಡೆ. ಅವನು ಹೋದ ಮೇಲೆ ಇನ್ನೆರಡು ಸಲ ಓದಿ ಫೈಲಿಗೆ ಹಾಕಿದೆ. ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಮುಂದಿನ ರಕ್ತಪರೀಕ್ಷೆಗೆ ಇನ್ನೂ ಐದು ತಿಂಗಳಿದೆ. ಮೆಣಸೆಯ ವಿಳಾಸ ಹಾಕಿದ ಲಕೋಟೆ ಈಗಲೇ ತಯಾರಿದೆ, ಎಂಟು ಬೆರಳಿನಲ್ಲಿ ಟೈಪು ಮಾಡಿದ್ದು.